ಮೂಗು ಒಪ್ಪಿದ ಪೀಪಾಯಿಗಳು

ಏಪ್ರಿಲ್ 6, ಭಾನುವಾರ

ಈ ಪುಸ್ತಕದ ಮುಂಭಾಗದಲ್ಲಿ ಇಪ್ಪತ್ತೆರಡು ವರ್ಷದ ಬಿಯರಿನ ಚರಿತ್ರೆ ಇದೆ. ಯಾವ ದಿನ ಯಾವ ಮಾಲ್ಟ್, ಕಹಿಗೆ ಎಷ್ಟು ಹಾಪ್ಸ್ ಹೂವು, ಯೀಸ್ಟ್ ಯಾವಾಗ ಎದ್ದಿತು, ಯಾವಾಗ ಮಲಗಿತು, ಎಲ್ಲವೂ. ಹಿಂಬದಿಯ ಹಾಳೆಗಳು ಖಾಲಿ. ಕಾಗದದ ಮಿಲ್ಲಿನಲ್ಲಿ ಪೈಪು ಜೋಡಿಸುವ ಕೆಲಸದಿಂದ ನಿವೃತ್ತನಾದ ಮೇಲೆ ಮಾತಿಗೆ ಜನ ಕಡಿಮೆ, ಹೊತ್ತು ಮಾತ್ರ ಬೇಕಾದಷ್ಟು. ಅದಕ್ಕೇ ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ಬರೆಯಲು ಹಿಡಿದಿದ್ದೇನೆ.

ಇವತ್ತು ಮಗಳು ಹೈಡಿ ಊಟಕ್ಕೆ ಬಂದಿದ್ದಳು, ಜೊತೆಗೆ ಅವಳು ಮದುವೆಯಾಗುವ ಹುಡುಗ ಕೋಲ್ಬಿ. ಮದುವೆ ಜೂನ್ 28ಕ್ಕೆ ಎಂದು ಗೊತ್ತಾಗಿದೆ.

"ಅಪ್ಪ, ಮದುವೆಗೆ ಅಂಗಡಿ ಬಿಯರ್ ಬೇಡ. ನಿಂದೇ ಆಗ್ಬೇಕು," ಎಂದಳು.

"ಎಷ್ಟು ಜನ?"

"ನೂರ ನಲವತ್ತು."

ಮೇಜಿನಡಿ ಆರ್ಡಿಸ್ ನನ್ನ ಕಾಲು ತುಳಿಯುವಷ್ಟರಲ್ಲಿ ನಾನು ಆಗಲಿ ಎಂದಾಗಿತ್ತು. ಮೂವತ್ತಾರು ವರ್ಷ ಸಂಸಾರ ಮಾಡಿದರೂ ಅವಳ ಕಾಲು ನನ್ನ ನಾಲಿಗೆಗಿಂತ ಒಂದು ಗಳಿಗೆ ಹಿಂದೆಯೇ. ಕೋಲ್ಬಿ ನಕ್ಕ. ಶಾಲಾ ಬಸ್ಸು ರಿಪೇರಿ ಮಾಡುವ ಹುಡುಗ. ಬಡಿಸಿದ್ದನ್ನೆಲ್ಲ ತಿನ್ನುತ್ತಾನೆ, ಬೇಡ ಎನ್ನಲು ಬರುವುದಿಲ್ಲ. ಮಗಳಿಗೆ ತಕ್ಕವನು.

ಮನೆಯಲ್ಲಿರುವುದು ನಾಲ್ಕು ಪೀಪಾಯಿ. ಮದುವೆಗೆ ಹತ್ತು ಬೇಕು. ಹಿಂದೆ ಹೋಟೆಲುಗಳಿಗೆ ಸೋಡಾ ಪಾನಕ ತುಂಬಿಸಿ ಕಳಿಸುತ್ತಿದ್ದ ಐದು ಗ್ಯಾಲನ್ನಿನ ಉಕ್ಕಿನ ಪೀಪಾಯಿಗಳು ಇವು. ಕಂಪನಿಗಳು ಬಿಟ್ಟ ಮೇಲೆ ನಮ್ಮಂಥ ಮನೆಬಿಯರಿನವರ ಪಾಲಿಗೆ ಬಂದವು.

ಎದುರು ಮನೆಯ ರೂಡಿ ಪೆಲ್ಟೊನೆನ್ ಸಂಜೆ ಬಂದು, "ಆರು ಹೊಸದು ತರಿಸ್ಬಿಡೋ ಡೆಲ್, ತಲೆನೋವು ಯಾಕೆ?" ಎಂದ. ಹೊಸ ತಗಡು ಕೈಯಲ್ಲಿ ಅಮುಕಿದರೆ ಬಗ್ಗುತ್ತದೆ. ಹಳೆಯದರ ಬೆಸುಗೆ ನೋಡಬೇಕು, ಮಾಡಿದವನ ಕೈಗೆ ನಮಸ್ಕಾರ ಹಾಕಬೇಕೆನಿಸುತ್ತದೆ. ಆರಿಸಲು ಗೊತ್ತಿರಬೇಕು, ಅಷ್ಟೆ. ಮುಚ್ಚಳ ತೆಗೆ, ಮೂಗು ಒಳಗಿಡು, ಹತ್ತು ಎಣಿಸು. ಉಕ್ಕು ತೊಳೆದರೆ ಸುಳ್ಳು ಹೇಳುತ್ತದೆ. ರಬ್ಬರ್ ವಾಷರ್ ಹೇಳುವುದಿಲ್ಲ. ಹತ್ತು ವರ್ಷದ ಹಿಂದೆ ಒಳಗೇನಿತ್ತೆಂದು ಒಪ್ಪಿಸಿಬಿಡುತ್ತದೆ.

ನಮ್ಮ ಬಿಯರ್ ಕೂಟದಲ್ಲಿ ನನ್ನ ಹೆಸರೇ ಮೂಗು. ಯಾರದ್ದೇ ಬಿಯರ್ ಕೆಟ್ಟರೂ ಲೋಟ ಮೊದಲು ನನ್ನ ಮುಂದೆ ಬರುತ್ತದೆ.

ಏಪ್ರಿಲ್ 12, ಶನಿವಾರ

ಗುಜರಿಯ ಡ್ವೇನ್ ಹತ್ತಿರ ಮೂರು ಪೀಪಾಯಿ ಸಿಕ್ಕವು. ಹಿಮ ಕರಗಿ ಅಂಗಳವೆಲ್ಲ ಕೆಸರು. ಮೊದಲನೆಯದರಲ್ಲಿ ಕಿತ್ತಳೆ ಪಾನಕ. ಎರಡನೆಯದರಲ್ಲಿ ಬೇರಿನ ಸೋಡಾ, ಅದರ ವಾಸನೆಯನ್ನು ರಬ್ಬರ್ ಬಿಡುವುದಿಲ್ಲ, ವಾಷರ್ ಬದಲಾಯಿಸದೆ ಗತಿಯಿಲ್ಲ. ಮೂರನೆಯದರಲ್ಲೂ ಬೇರಿನ ಸೋಡಾವೇ. ಆದರೆ ಏಳೆಂದು ಎಣಿಸುವಾಗ ಅದರ ಅಡಿಯಿಂದ ಇನ್ನೊಂದು ಬಂತು, ಸಿಹಿಯಾಗಿ, ತಣ್ಣಗೆ. ಕಾರಿನ ರೇಡಿಯೇಟರಿಗೆ ಹಾಕುವ ದ್ರಾವಣ.

"ಇದು ಬೇಡ," ಎಂದೆ.

"ಯಾಕಣ್ಣ, ಮೂರೂ ಒಂದೇ ತಾಯಿ ಮಕ್ಕಳು."

"ಈ ಮಗ ಗ್ಯಾರೇಜಲ್ಲಿ ಬೆಳೆದಿದೆ ಕಣಯ್ಯ. ಯಾರೋ ಇದರಲ್ಲಿ ವಿಷ ಇಟ್ಟಿದ್ರು."

ಡ್ವೇನ್ ತಾನೂ ಮೂಗಿಟ್ಟು ನೋಡಿದ, ಏನೂ ಸಿಗಲಿಲ್ಲ. ಆಮೇಲೆ ನೆನಪಾಗಿ, ಅದು ಬಂದದ್ದು ಲಾರಿ ರಿಪೇರಿ ಶೆಡ್ಡಿನಿಂದ ಎಂದು ಒಪ್ಪಿಕೊಂಡ. "ನೀನು ಮನುಷ್ಯನಲ್ಲ, ಬೇಟೆನಾಯಿ," ಎಂದ. ಮನೆಗೆ ಬಂದು ಆರ್ಡಿಸ್‌ಗೆ ಹೇಳಿ ಇಬ್ಬರೂ ನಕ್ಕೆವು. ಐದು, ಆರು ಎಂದು ಬಣ್ಣದಲ್ಲಿ ಸಂಖ್ಯೆ ಬರೆದೆ. ಇನ್ನು ನಾಲ್ಕು.

ಏಪ್ರಿಲ್ 19, ಶನಿವಾರ

ಐದನೆಯ ಪೀಪಾಯಿಯನ್ನು ತಬ್ಬಿಕೊಂಡು ತೊಳೆಯಲೆಂದು ಹಿತ್ತಲ ಸೌನಾಕ್ಕೆ, ಅಂದರೆ ಹಬೆಸ್ನಾನದ ಕೋಣೆಗೆ, ಹೋಗುತ್ತಿದ್ದಾಗ ಮೆಟ್ಟಿಲ ಮೇಲಿನ ಮಂಜುಗಡ್ಡೆಗೆ ಕಾಲು ಜಾರಿತು. ಹಿಂದಲೆ ಸಿಮೆಂಟಿಗೆ ಬಡಿಯಿತು. ಕಣ್ಣು ಬಿಟ್ಟಾಗ ಆಕಾಶ, ಆಕಾಶಕ್ಕೆ ಅಡ್ಡ ಆರ್ಡಿಸ್ ಮುಖ. ಪೀಪಾಯಿ ಎದೆಯ ಮೇಲೇ ಇತ್ತು, ಒಂದು ಗೀರೂ ಬಿದ್ದಿರಲಿಲ್ಲ.

"ನಡಿ, ಆಸ್ಪತ್ರೆಗೆ."

"ಒಂದು ಬುಗುಟಿಗೆಲ್ಲ ಆಸ್ಪತ್ರೇನಾ?"

"ಎರಡು ಸಲ ಕರೆದ್ರೂ ಮಾತಾಡ್ಲಿಲ್ಲ ಕಣೋ ನೀನು."

ಕೋಳಿಮೊಟ್ಟೆಯಷ್ಟು ಊದಿದೆ. ಐಸ್ ಇಟ್ಟುಕೊಂಡು ಕೂತಿದ್ದೇನೆ. ಅಕ್ಷರ ಸ್ವಲ್ಪ ಓಡಾಡುತ್ತಿದೆ.

ಏಪ್ರಿಲ್ 23

ಬುಗುಟು ಇಳಿದಿದೆ. ನಾಲ್ಕು ದಿನದಿಂದ ಕಾಫಿ ಬರೀ ಬಿಸಿನೀರು. ಪುಡಿ ಬದಲಾಯಿಸಿದೆಯಾ ಎಂದು ಕೇಳಿದರೆ ಅದೇ ಡಬ್ಬಿ ಎನ್ನುತ್ತಾಳೆ. ಕಂಪನಿಯವರೇ ಏನೋ ಬೆರೆಸುತ್ತಿರಬೇಕು. ಈಸ್ಟರ್ ಹಬ್ಬದ ಹಂದಿಮಾಂಸವೂ ಈ ಸಲ ರಟ್ಟು ಅಗಿದ ಹಾಗಿತ್ತು. ಇದ್ದದ್ದನ್ನು ಹೇಳಿದೆ. ಆರ್ಡಿಸ್ ತಟ್ಟೆ ಎತ್ತಿಕೊಂಡು ಹೋದಳು. ಈಗೀಗ ಅವಳಿಗೆ ಬೇಗ ಬೇಜಾರಾಗುತ್ತದೆ.

ಮೇ 3, ಶನಿವಾರ

ಅದೃಷ್ಟ ಎಂದರೆ ಇದು! ಹದಿನೆಂಟು ಮೈಲಿ ಆಚೆ ಒಂದು ಸ್ಟ್ರಾಬೆರಿ ತೋಟ. ಯಜಮಾನ ಹೋದ ಚಳಿಗಾಲದಲ್ಲಿ ತೀರಿಕೊಂಡ. ಹೆಂಡತಿ ಗ್ಲೆನಿಸ್ ಎಲ್ಲ ಮಾರಿ ತಂಗಿಯ ಊರಿಗೆ ಹೊರಟಿದ್ದಾರೆ. ಪಂಪ್ ಶೆಡ್ಡಿನಲ್ಲಿ ನಾಲ್ಕು ಪೀಪಾಯಿ, ನನಗೆ ಬೇಕಾದಷ್ಟೇ, ಸಾಲಾಗಿ ನಿಂತಿದ್ದವು.

"ಯಾತಕ್ಕೆ ಇಟ್ಕೊಂಡಿದ್ರು?" ಎಂದು ಕೇಳಿದೆ.

"ಅವರ ಶೆಡ್ಡಿಗೆ ನಾನು ಕಾಲಿಡ್ತಿರ್ಲಿಲ್ಲ. ಒಂದೆರಡರಲ್ಲಿ ತಂಪು ಪಾನಕ ತುಂಬಿಸ್ತಿದ್ರು, ಹಣ್ಣು ಕೀಳೋ ಜನಕ್ಕೆ. ಮಿಕ್ಕಿದ್ದು ಗೊತ್ತಿಲ್ಲ. ನೀವು ಯಾತಕ್ಕೆ ಒಯ್ತಿದೀರಿ?"

"ಮಗಳ ಮದುವೆ," ಎಂದೆ. ಅವರು ನಕ್ಕು, ಒಳ್ಳೆಯದಾಗಲಿ ಎಂದರು. ಮದುವೆಗೂ ಪೀಪಾಯಿಗೂ ಏನು ಸಂಬಂಧ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರನೆಯದರಲ್ಲಿ ಇನ್ನೂ ಒತ್ತಡ ಇತ್ತು. ವಾಲ್ವಿನ ಉಂಗುರ ಎಳೆದಾಗ ಬುಸ್ಸೆಂದಿತು. ಗ್ಲೆನಿಸ್ ತೋಳು ಮೂಗಿಗೆ ಒತ್ತಿಕೊಂಡು ಬಾಗಿಲಿಂದ ಆಚೆ ಹೋದರು. ಗಂಡನ ಶೆಡ್ಡು ತಾನೆ, ದುಃಖ ಬಂದಿರಬೇಕು. ನಾನು ನೋಡದವನ ಹಾಗೆ ಕೆಲಸ ಮುಂದುವರಿಸಿದೆ. ನಾಲ್ಕರಲ್ಲೂ ಮೂಗಿಟ್ಟೆ. ಹತ್ತಲ್ಲ, ಇಪ್ಪತ್ತು ಎಣಿಸಿದೆ. ಒಂದು ಎಳೆ ವಾಸನೆ ಇಲ್ಲ! ಕಿತ್ತಳೆ ಇಲ್ಲ, ಬೇರು ಇಲ್ಲ, ಏನೆಂದರೆ ಏನೂ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಶುದ್ಧ ಪೀಪಾಯಿ ಕಂಡಿಲ್ಲ.

ಏಳು, ಎಂಟು, ಒಂಬತ್ತು, ಹತ್ತು. ಮುಗಿಯಿತು.

ಮೇ 4

ಚರ್ಚಿಗೆ ಹೋಗುವಾಗ ಆರ್ಡಿಸ್ ಕಾರಿನ ನಾಲ್ಕೂ ಗಾಜು ಇಳಿಸಿದಳು. "ಏನ್ ಸತ್ತಿದೆ ಇದರಲ್ಲಿ? ಕೊಳೆತ ಬೆಳ್ಳುಳ್ಳಿ ನಾತ." ತೋಟದ ಶೆಡ್ಡಿನಿಂದ ಇಲಿಯೋ ಏನೋ ಹತ್ತಿ ಬಂದಿರಬೇಕೆಂದೆ. ಮಧ್ಯಾಹ್ನ ಸೀಟು ಎತ್ತಿ ಹುಡುಕಿದೆ, ಸಿಗಲಿಲ್ಲ.

ನಾಲ್ಕನ್ನೂ ಕ್ಷಾರದ ಪುಡಿ ಹಾಕಿ ಬಿಸಿನೀರಲ್ಲಿ ತೊಳೆದೆ. ವಾಷರ್‌ಗಳನ್ನೆಲ್ಲ ಬದಲಾಯಿಸಿದೆ. ಒಂಬತ್ತನೆಯದರ ವಾಷರ್ ಅಂಟಂಟಾಗಿ ಹಳದಿ ತಿರುಗಿತ್ತು. ಬಿಯರ್ ಮೇಲೆ ಬರುವ ಒಳಗಿನ ಉದ್ದ ಕೊಳವೆಯನ್ನೂ ಬಿಚ್ಚಿ ಉಜ್ಜಬೇಕು, ಅದು ಕ್ರಮ. ಆದರೆ ಒಂಬತ್ತನೆಯದರ ನಟ್ಟು ಕಚ್ಚಿಕೊಂಡಿದೆ. ಇನ್ನೂ ಜೋರು ಮಾಡಿದರೆ ಬಾಯಿಯ ತಿರುಪಿನ ಗೆರೆಯೇ ಹಾಳಾಗುತ್ತದೆ. ವಾಸನೆ ಇದ್ದಿದ್ದರೆ ಬೇರೆ ಮಾತು. ಮೂಗು ಒಪ್ಪಿದ ಮೇಲೆ ಸುಮ್ಮನೆ ಯಾಕೆ ಗುದ್ದಾಡಬೇಕು? ಬಿಟ್ಟೆ.

ಮೇ 10, ಶನಿವಾರ

ಗ್ಯಾರೇಜಿನಲ್ಲಿ ಕೊನೆಯ ಕಡಾಯಿ ಕುದಿಸಲು ಕೂತಿದ್ದೆ. ಸಿಲಿಂಡರ್ ತೆರೆದು ಬೆಂಕಿಪೊಟ್ಟಣ ಹುಡುಕುತ್ತಿದ್ದಾಗ ರೂಡಿ ಅಂಗಳದಿಂದಲೇ ಕೂಗುತ್ತ ಓಡಿ ಬಂದ.

"ಹಚ್ಬೇಡ! ಡೆಲ್, ಕಡ್ಡಿ ಗೀರ್ಬೇಡ್ವೋ!"

ಸಿಲಿಂಡರ್ ಮುಚ್ಚಿ, ನನ್ನ ಕೈ ಹಿಡಿದು ಹೊರಗೆ ಎಳೆದ. ಕೊಳವೆ ಸೀಳಿತ್ತಂತೆ. ರಸ್ತೆಯವರೆಗೂ ಗ್ಯಾಸ್ ನಾರುತ್ತಿತ್ತಂತೆ.

"ಒಳಗೇ ಕೂತಿದ್ದೆಯಲ್ಲೋ, ಗೊತ್ತಾಗ್ಲಿಲ್ವಾ?"

"ಗಾಳಿ ಆ ಕಡೆಗಿತ್ತು."

"ಇವತ್ತು ಗಾಳಿ ಎಲ್ಲಿದೆ?"

ಅವನು ನನ್ನನ್ನು ನೋಡಿದ ರೀತಿ ಇಷ್ಟವಾಗಲಿಲ್ಲ. ಆಮೇಲೆ ಕೇಳದೆಯೇ ಪೀಪಾಯಿಗಳ ಮುಚ್ಚಳ ತೆಗೆದು ಮೂಗಿಡಲು ಶುರುಮಾಡಿದ. ಒಂಬತ್ತನೆಯದಕ್ಕೆ ಬಂದಾಗ ತಲೆ ಹಿಂದಕ್ಕೆಳೆದ.

"ಇದರಲ್ಲಿ ಏನೋ ಇದೆ ಡೆಲ್. ಸ್ವಲ್ಪವೇ, ಆದರೆ ಇದೆ."

ನಾನೂ ನೋಡಿದೆ. ತಣ್ಣನೆ ಉಕ್ಕು, ಅಷ್ಟೆ. "ನಲವತ್ತು ವರ್ಷ ಸಿಗರೇಟು ಸುಟ್ಟ ಮೂಗು ನಿಂದು, ಹೊಗೆಗೂಡು. ನನಗೆ ಪಾಠ ಹೇಳುತ್ತಾ?"

"ಹೊಗೆಗೂಡಿಗೇ ಗೊತ್ತಾಗ್ತಿದೆ ಅಂದ್ಮೇಲೆ ನಿನಗೆ ಯಾಕೆ ಗೊತ್ತಾಗ್ತಿಲ್ಲ?"

ಮದುವೆಯ ಬಿಯರಿಗೆ ಹೆಸರು ಬರುತ್ತದೆಂದು ಹೊಟ್ಟೆಕಿಚ್ಚು. ಹಾಗೆಂದು ಅವನ ಮುಖಕ್ಕೇ ಹೇಳಿದೆ. ರಸ್ತೆ ದಾಟಿ ಹೋದ.

ಮೇ 17, ಶನಿವಾರ

ಕೂಟದ ಸಭೆ. ಮೂರು ಲೋಟ ನನ್ನ ಮುಂದಿಟ್ಟರು. ಮೂರೂ ಚೆನ್ನಾಗಿವೆ, ನಡುವಿನದು ಸ್ವಲ್ಪ ಸಪ್ಪೆ ಎಂದೆ. ಕೋಣೆಯಲ್ಲಿದ್ದ ಹನ್ನೊಂದು ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೋ ನಗಲು ಹೋಗಿ ಕೆಮ್ಮಿದರು. ಆಮೇಲೆ ತಿಳಿಯಿತು, ನಡುವಿನದು ಅವರೇ ಬಿಸಿಲಲ್ಲಿಟ್ಟು ನಾರುವ ಹಾಗೆ ಕೆಡಿಸಿದ ಬಿಯರ್ ಅಂತೆ. ನನ್ನನ್ನು ಪರೀಕ್ಷೆ ಮಾಡಿದರು, ಶಾಲೆಯ ಮಗುವಿಗೆ ಮಾಡಿದ ಹಾಗೆ!

ರೂಡಿ ಮೂಲೆಯಲ್ಲಿ ಬೂಟಿನ ತುದಿ ನೋಡುತ್ತ ನಿಂತಿದ್ದ. ಎಲ್ಲ ಅವನದೇ ಕೆಲಸ. ಕೋಟು ತೆಗೆದುಕೊಂಡು ಬಂದುಬಿಟ್ಟೆ.

ಮೇ 18

ರೂಡಿ ಫೋನ್ ಮಾಡಿದ. ಎತ್ತಲಿಲ್ಲ.

ಮೇ 21

ಮತ್ತೆ ರೂಡಿ. ಆರ್ಡಿಸ್ ಎತ್ತಿ, ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಮಾತಾಡಿದಳು. ಏನಂತೆ ಎಂದರೆ, ಹುಲ್ಲು ಕತ್ತರಿಸುವ ಯಂತ್ರ ಬೇಕಂತೆ ಎಂದಳು.

ಮೇ 26

ಬಿಯರನ್ನೆಲ್ಲ ಪೀಪಾಯಿಗೆ ತುಂಬಿಸಿದೆ. ಹತ್ತಕ್ಕೆ ಹತ್ತೂ ಭರ್ತಿ. ಸೋಪಿನ ನೊರೆ ಹಚ್ಚಿ ನೋಡಿದೆ, ಎಲ್ಲೂ ಒಂದು ಗುಳ್ಳೆ ಏಳಲಿಲ್ಲ. ತುಂಬಿಸುವಾಗ ಒಂದೊಂದು ಚಮಚ ರುಚಿ ನೋಡಿದೆ. ಸ್ವಲ್ಪ ಕಹಿ, ಸ್ವಲ್ಪ ಸಿಹಿ, ಮತ್ತೇನೂ ಇಲ್ಲ. ಈ ವರ್ಷದ ಹಾಪ್ಸ್ ಹಳತಿರಬೇಕು. ಆರು ಪೀಪಾಯಿಗೆ ಇನ್ನೊಂದು ಹಿಡಿ ಹಾಕಿದೆ.

ಜೂನ್ 1, ಭಾನುವಾರ

ಬ್ರೆಡ್ಡು ಸುಡಲು ಇಟ್ಟು ಪತ್ರಿಕೆ ಓದುತ್ತಿದ್ದೆ. ಹೊಗೆಯ ಗಂಟೆ ಹೊಡೆದುಕೊಂಡಾಗ ತಲೆ ಎತ್ತಿದರೆ ಅಡುಗೆಮನೆ ನೀಲಿಯಾಗಿತ್ತು. ಒಳ್ಳೆಯ ಸುದ್ದಿ ಓದುತ್ತಿದ್ದರೆ ಹೀಗೇ ಆಗುತ್ತದೆ. ಆರ್ಡಿಸ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಕಿಟಕಿ ತೆಗೆದು ಸಿಂಕಿನ ಮುಂದೆ ಬೆನ್ನು ಮಾಡಿ ನಿಂತಳು.

ಗ್ಯಾರೇಜಿನ ಗೋಡೆಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಪುಟ್ಟ ಯಂತ್ರ ಬಂದಿದೆ. ಯಾರು ಹಾಕಿದ್ದೆಂದು ಕೇಳಿದೆ. ಸೇಲಿನಲ್ಲಿತ್ತು ಎಂದಳು. ಈಗ ನಾನೊಬ್ಬನೇ ಮನೆಯಲ್ಲಿರುವ ದಿನ ಇಲ್ಲವೇ ಇಲ್ಲ. ಅವಳು ಎಲ್ಲಿಗೆ ಹೊರಟರೂ ನನ್ನನ್ನೂ ಹೊರಡಿಸುತ್ತಾಳೆ. ಮಗಳು ಹೊರಟುಹೋಗುವಾಗ ತಾಯಂದಿರಿಗೆ ಹೀಗಾಗುತ್ತದೆ ಎಂದು ಕೇಳಿದ್ದೇನೆ.

ಜೂನ್ 8, ಭಾನುವಾರ

ಹೈಡಿ, ಕೋಲ್ಬಿ ಬಂದಿದ್ದರು. ಮದುವೆಗೆ ಇಪ್ಪತ್ತು ದಿನ. ಬಿಯರ್ ರುಚಿ ತೋರಿಸಬೇಕೆಂದು ಗ್ಯಾರೇಜಿಗೆ ಕರೆದುಕೊಂಡು ಹೋದೆ. ಹತ್ತು ಪೀಪಾಯಿ ಸಾಲಾಗಿ ಹೊಳೆಯುತ್ತಿದ್ದವು. ಹೈಡಿ ಕಾರು ಓಡಿಸಬೇಕಿತ್ತು, ಹಾಗಾಗಿ ಅವಳು ಬೇಡ ಎಂದಳು. ಆರ್ಡಿಸ್ ಒಳಗೆ ಪಾತ್ರೆ ತೊಳೆಯುತ್ತಿದ್ದಳು.

"ಯಾವುದು ಬೇಕು, ನೀನೇ ಆರಿಸು," ಎಂದೆ ಕೋಲ್ಬಿಗೆ.

"ಒಂಬತ್ತು. ಬೇಸ್‌ಬಾಲಲ್ಲಿ ನನ್ನ ಅಂಗಿ ನಂಬರ್ ಅದು."

ಒಂಬತ್ತನೆಯದರ ಮೊದಲ ಲೋಟ ಅವನಿಗೇ ಕೊಟ್ಟೆ. ಒಂದು ಗುಟುಕು ಕುಡಿದು ತುಸು ನಿಂತ. ಕಣ್ಣಲ್ಲಿ ನೀರಾಡಿತು.

"ಹೇಗಿದೆ?"

"ಖಡಕ್ಕಾಗಿದೆ, ಸರ್."

"ಹಾಪ್ಸ್ ಜಾಸ್ತಿ ಹಾಕಿದೀನಿ. ಕುಡಿ, ಕುಡಿ."

ಕುಡಿದ. ಅರ್ಧಕ್ಕಿಂತ ಹೆಚ್ಚು ಕುಡಿದ. ಹೈಡಿ ಲೋಟದ ಹತ್ತಿರ ಬಗ್ಗಿ, "ಏನ್ ಅಪ್ಪ ಇದು, ಒಂಥರಾ ವಾಸನೆ," ಎಂದಳು. ಅವಳಿಗೆ ಚಿಕ್ಕಂದಿನಿಂದ ಹಾಪ್ಸ್ ಎಂದರೆ ಆಗದು. ನಾನು ಮೂರನೆಯದರಿಂದ ಒಂದು ಲೋಟ ಬಗ್ಗಿಸಿಕೊಂಡು ಅವರ ಮುಂದಿನ ಬಾಳಿಗೆಂದು ಎತ್ತಿದೆ. ನಾಲ್ಕು ಗಂಟೆಗೆ ಹೊರಟರು.

ಒಳ್ಳೆಯ ದಿನ.

ಜೂನ್ 9, ಬೆಳಿಗ್ಗೆ

ನಿನ್ನೆ ಹೊರಟ ಒಂದು ಗಂಟೆಯಲ್ಲೇ ಕೋಲ್ಬಿಗೆ ದಾರಿಯಲ್ಲಿ ವಾಂತಿಯಾಯಿತಂತೆ. ಆಮೇಲೆ ಬೆವರು, ಬಾಯಲ್ಲಿ ಜೊಲ್ಲು, ಕೈ ತೋಳು ತಾವೇ ಅದುರುವುದು. ಹೈಡಿ ಸೀದಾ ಆಸ್ಪತ್ರೆಗೆ ಓಡಿಸಿದ್ದಾಳೆ. ಉಸಿರಾಟಕ್ಕೆ ಯಂತ್ರ ಹಾಕಿದ್ದಾರಂತೆ. ಡಾಕ್ಟರು ಅವಳನ್ನು ಮತ್ತೆ ಮತ್ತೆ ಒಂದೇ ಕೇಳುತ್ತಿದ್ದಾರಂತೆ: ಹೊಲಕ್ಕೆ ಔಷಧಿ ಹೊಡೆಯುವ ಕೆಲಸ ಮಾಡುತ್ತಾನಾ?

ಬಸ್ಸು ರಿಪೇರಿಯವನಿಗೆ ಯಾವ ಹೊಲ? ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಏನೋ ತಿಂದಿರಬೇಕು. ಬಂಕಿನ ಮಾಂಸದ ಕಡುಬು ಎರಡೆರಡು ದಿನ ಗಾಜಿನ ಪೆಟ್ಟಿಗೆಯಲ್ಲಿ ಕೂತಿರುತ್ತದೆ.

ಆರ್ಡಿಸ್ ರೂಡಿಗೆ ಫೋನ್ ಮಾಡುತ್ತಿದ್ದಾಳೆ. ಈ ಸಲ ಬಾಗಿಲು ಮುಚ್ಚಿಕೊಂಡಿಲ್ಲ.

ಜೂನ್ 9, ಸಂಜೆ, ಆಸ್ಪತ್ರೆಯಲ್ಲಿ

ಪುಸ್ತಕ ಕಾರಿನಲ್ಲೇ ಇತ್ತು. ಕೈಗೆ ಏನಾದರೂ ಕೆಲಸ ಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ರೂಡಿ ಬಂದವನು ಸೀದಾ ಗ್ಯಾರೇಜಿಗೆ ಹೋದ. ಒಂಬತ್ತನೆಯ ಪೀಪಾಯಿಯನ್ನು ಅಂಗಳಕ್ಕೆ ಹೊರಳಿಸಿ, ಬಿಯರನ್ನು ಹಳೆಯ ಡ್ರಮ್ಮಿಗೆ ಸುರಿದ. ದೊಡ್ಡ ಪಾನಾ ಹಿಡಿದು ಮೈಭಾರವೆಲ್ಲ ಹಾಕಿ ಆ ಕಚ್ಚಿಕೊಂಡ ನಟ್ಟನ್ನು ತಿರುಗಿಸಿದ. ಕೊಳವೆ ಹೊರಬಂತು. ಕೆಳಗಿನ ಒಂದು ಗೇಣಿಗೆ ಒಳಗೆಲ್ಲ ಕಂದು ಅಂಟು ಮೆತ್ತಿತ್ತು.

ರೂಡಿ ಎರಡು ಹೆಜ್ಜೆ ಹಿಂದೆ ಹೋದ. ಆರ್ಡಿಸ್ ಬಾಗಿಲ ಹತ್ತಿರ ಇದ್ದವಳು ಏಪ್ರನ್ ಎತ್ತಿ ಮುಖಕ್ಕೆ ಒತ್ತಿಕೊಂಡಳು. ನಾನು ಕೊಳವೆ ಈಸಿಕೊಂಡು ಮೂಗಿನ ಕೆಳಗೆ ಹಿಡಿದೆ. ಹತ್ತು ಎಣಿಸಿದೆ. ಇಪ್ಪತ್ತು ಎಣಿಸಿದೆ. ಅವರಿಬ್ಬರ ಮುಖ ನೋಡಿದೆ. ಇನ್ನೂ ಎಣಿಸುತ್ತಿದ್ದೆ ಅನಿಸುತ್ತದೆ. ರೂಡಿ ಬಂದು ಅದನ್ನು ಕೈಯಿಂದ ತೆಗೆದುಕೊಂಡ.

"ಸಾಕು ಬಿಡೋ ಡೆಲ್."

"ಏನ್ ವಾಸನೆ ಬರ್ತಿದೆ? ಹೇಳು ನನಗೆ."

"ಬೆಳ್ಳುಳ್ಳಿ. ಕೊಳೆತ ಬೆಳ್ಳುಳ್ಳಿ, ಸೀಮೆಎಣ್ಣೆ."

ಮುಂದೆ ಏನು ಮಾಡಬೇಕೆಂದು ಯಾರೂ ಹೇಳಬೇಕಾಗಲಿಲ್ಲ. ಅದೇನೆಂದು ಡಾಕ್ಟರಿಗೆ ಗೊತ್ತಿಲ್ಲ. ಗೊತ್ತಿರುವವನು ಮಣ್ಣಿನಲ್ಲಿದ್ದಾನೆ. ಅವನ ಶೆಡ್ಡು ಮಾತ್ರ ಇನ್ನೂ ಇದೆ. ಹದಿನೆಂಟು ಮೈಲಿ ರೂಡಿಯೇ ಓಡಿಸಿದ. ಒಂದು ಸಿಗರೇಟೂ ಹಚ್ಚಲಿಲ್ಲ.

ಗ್ಲೆನಿಸ್ ಪೆಟ್ಟಿಗೆ ಕಟ್ಟುತ್ತಿದ್ದರು. ವಿಷಯ ಹೇಳಿದಾಗ ಅಲ್ಲೇ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

"ನೀವು ಕುಡಿಯೋಕೆ ಒಯ್ದಿದ್ರಾ? ಅಯ್ಯೋ ದೇವರೇ. ಅವತ್ತು ಅದರಿಂದ ಬಂದ ಗಾಳಿಗೆ ನನಗೆ ನಿಲ್ಲೋಕಾಗ್ಲಿಲ್ಲ. ನೀವು ತಲೆ ಒಳಗೇ ಇಟ್ಟು ನೋಡಿದ್ರಿ. ಎಲ್ಲ ಗೊತ್ತಿದ್ದೇ ತಗೊಳ್ತಿದಾರೆ, ಮದುವೆ ಪೆಂಡಾಲಿಗೆ ಭಾರಕ್ಕೋ ಏನೋ ಇಡ್ತಾರೆ ಅಂದ್ಕೊಂಡೆ. ಅಷ್ಟು ಹೊತ್ತು ಮೂಗಿಟ್ಟವರಿಗೆ ನಾನೇನು ಹೇಳ್ಲಿ?"

ಶೆಡ್ಡಿನ ಮೇಲಿನ ಹಲಗೆಯಲ್ಲಿ ತಗಡಿನ ಡಬ್ಬಿ ಸಿಕ್ಕಿತು. ಗಿಡದ ಹುಳಕ್ಕೆ ಹೊಡೆಯುವ ವಿಷ, ಈಗ ಮಾರುವುದಿಲ್ಲ. ಆತ ಅದನ್ನು ನೀರಿಗೆ ಬೆರೆಸದೆ ಹಾಗೇ ಪೀಪಾಯಿಗೆ ತುಂಬಿಸಿ, ಗ್ಯಾಸ್ ಒತ್ತಡದಿಂದ ಸಾಲುಗಳಿಗೆ ಬಿಡುತ್ತಿದ್ದನಂತೆ. ಪಕ್ಕದ ತೋಟದವನು ಬೇಲಿಯಾಚೆಯಿಂದ ಹೇಳಿದ.

ಡಬ್ಬಿಯನ್ನು ಎರಡು ಚೀಲದಲ್ಲಿ ಸುತ್ತಿ ಆಸ್ಪತ್ರೆಗೆ ತಂದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಹೆಸರು ಓದಿದವರೇ ನರ್ಸನ್ನು ಕೂಗಿ ಬೇಗ ಬೇಗ ಏನೋ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನಮಗೆ ಅನುಮಾನ ಇತ್ತು, ಖಚಿತ ಇರ್ಲಿಲ್ಲ. ಇದು ಅವನ ಹೊಟ್ಟೆಗೆ ಹೇಗೆ ಹೋಯ್ತು?" ಎಂದರು.

ಹೈಡಿ ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ನಿನ್ನೆಯ ಅಂಗಿಯಲ್ಲೇ ಇದ್ದಳು.

"ನಾನು ಕುಡಿಸಿದೆ," ಎಂದೆ. "ನನಗೆ ವಾಸನೆ ಬರಲ್ಲ. ಏಪ್ರಿಲಿಂದ ಬರ್ತಿಲ್ಲ."

ಬಾಯಿಂದ ಬಂದ ಮೇಲೆಯೇ ಅದು ನನಗೂ ಗೊತ್ತಾದದ್ದು.

ಹೈಡಿ ನನ್ನ ಹತ್ತಿರ ಬರಲಿಲ್ಲ. ಬೈಯಲೂ ಇಲ್ಲ. ಡಾಕ್ಟರ ಹಿಂದೆ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಜೂನ್ 12

ಉಸಿರಿನ ಯಂತ್ರ ತೆಗೆದಿದ್ದಾರೆ. ಕೋಲ್ಬಿ ಮಾತಾಡುತ್ತಾನೆ. ನಾನು ಕಿಟಕಿಯ ಗಾಜಿನಿಂದ ನೋಡಿದೆ.

ಜೂನ್ 16

ಆರ್ಡಿಸ್ ನನ್ನನ್ನೂ ಡಾಕ್ಟರಿಗೆ ತೋರಿಸಿದಳು. ಕಣ್ಣು ಮುಚ್ಚಿಸಿ ಒಂದೊಂದೇ ಬಾಟಲಿ ಹಿಡಿದರು. ಹನ್ನೆರಡು ಬಾಟಲಿ, ಹನ್ನೆರಡಕ್ಕೂ ಗೊತ್ತಿಲ್ಲ ಎಂದೆ. ತಲೆಗೆ ಪೆಟ್ಟು ಬಿದ್ದಾಗ ಮೂಗಿನ ನರ ಹರಿದುಹೋಗುತ್ತದಂತೆ. ಮತ್ತೆ ಬರುತ್ತದಾ ಎಂದು ಆರ್ಡಿಸ್ ಕೇಳಿದಳು. ಅವರು ಪೆನ್ನಿನ ಮುಚ್ಚಳ ಹಾಕಿದರು.

ರೂಡಿ ಒಂಬತ್ತನೆಯದನ್ನು ಡ್ರಮ್ಮಿನ ಸಮೇತ ಜಿಲ್ಲೆಯ ವಿಷತ್ಯಾಜ್ಯದ ಕೇಂದ್ರಕ್ಕೆ ಕೊಟ್ಟು ಬಂದ. ಉಳಿದ ಒಂಬತ್ತು ಪೀಪಾಯಿಗಳನ್ನು ಖಾಲಿ ಮಾಡಿ, ಉಕ್ಕು ಕೊಯ್ಯುವ ಯಂತ್ರದಿಂದ ನಾನೇ ತುಂಡು ಮಾಡಿದೆ. ಯಂತ್ರದ ಸದ್ದಿನಲ್ಲಿ ಏನೂ ಯೋಚನೆ ಬರುವುದಿಲ್ಲ.

ಜೂನ್ 28, ಶನಿವಾರ

ಮದುವೆಯಾಯಿತು. ನೂರ ನಲವತ್ತಲ್ಲ, ಮನೆಯವರು, ಸ್ನೇಹಿತರು ಸೇರಿ ಮೂವತ್ತು ಜನ, ಸರೋವರದ ದಂಡೆಯಲ್ಲಿ. ಮುಂದೂಡೋಣ ಎಂದು ಎಲ್ಲರೂ ಹೇಳಿದರು. ಹೈಡಿ ಒಪ್ಪಲಿಲ್ಲ. ಕೋಲ್ಬಿಗೆ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ, ಕುರ್ಚಿ ಹಾಕಿದ್ದರು. ಉಂಗುರ ತೊಡಿಸುವಾಗ ಅವನ ಕೈ ಒಂದೇ ಸಮನೆ ನಡುಗುತ್ತಿತ್ತು. ಹೈಡಿ ತನ್ನ ಬೆರಳನ್ನು ತಾನೇ ಉಂಗುರದೊಳಕ್ಕೆ ತಂದಳು. ಕೈ ಸರಿಯಾಗಲು ವರ್ಷ ಬೇಕಾಗಬಹುದು, ಆಗದೆಯೂ ಇರಬಹುದು. ಬಸ್ಸಿನ ಕೆಳಗೆ ಮಲಗಿ ಪಾನಾ ಹಿಡಿಯುವ ಕೈ ಅದು.

ನಾನು ಹತ್ತಿರ ಹೋದಾಗ ಅವನು ಎದ್ದು ನಿಲ್ಲಲು ನೋಡಿದ. ಇವತ್ತೂ ಸರ್ ಎಂದೇ ಕರೆದ. "ನನಗೆ ಅವತ್ತೇ ಗೊತ್ತಾಯ್ತು ಸರ್, ಏನೋ ಸರಿಯಿಲ್ಲ ಅಂತ. ನೀವು ಅಷ್ಟು ಖುಷೀಲಿದ್ರಿ." ನಾನು ಅವನ ಭುಜ ಹಿಡಿದು ಮತ್ತೆ ಕೂರಿಸಿದೆ. ಹೈಡಿ ನನ್ನ ಕೆನ್ನೆಗೆ ಕೆನ್ನೆ ತಾಗಿಸಿದಳು, ದೂರದ ನೆಂಟರಿಗೆ ಮಾಡುವ ಹಾಗೆ.

ಮನೆಗೆ ಬಂದು ಬೂಟು ಬಿಚ್ಚುತ್ತಿದ್ದಾಗ ಆರ್ಡಿಸ್ ಎದುರಿಗೆ ಕೂತಳು.

"ನಿನಗೆ ಒಂದು ಹೇಳ್ಬೇಕು. ಏಪ್ರಿಲ್ ಕೊನೇಲಿ ಒಂದಿನ ನಿನ್ನ ಲೋಟಕ್ಕೆ ಕೆಟ್ಟ ಹಾಲು ಹಾಕಿಟ್ಟೆ. ಬೇಕು ಅಂತಲೇ. ಒಡೆದು ನಾರ್ತಿತ್ತು. ನೀನು ಪತ್ರಿಕೆ ಓದ್ತಾ ಪೂರ್ತಿ ಕುಡಿದೆ."

"ಏಪ್ರಿಲಲ್ಲೇ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ತೋಟಕ್ಕೆ ಹೋಗೋ ಮುಂಚೇನೇ?"

"ಹೂಂ."

"ಹೇಳ್ಬಾರ್ದಿತ್ತಾ ಆರ್ಡಿಸ್?"

"ಊಟ ಸಪ್ಪೆ ಅನ್ನಿಸಿದ್ರೆ ನೀನು ನನ್ನ ಕೈ ಕೆಟ್ಟಿತು ಅಂದೆ. ರೂಡಿ ಹೇಳಿದ, ಇಪ್ಪತ್ತು ವರ್ಷದ ಸ್ನೇಹ ಬಿಟ್ಟೆ. ನಾನು ಹೇಳಿದ್ರೆ ನನ್ನ ಏನ್ ಮಾಡ್ತಿದ್ದೆ?" ಅವಳು ಅಳಲಿಲ್ಲ. "ಬಿಯರ್ ಕೆಟ್ರೆ ಕೆಡ್ಲಿ, ಮದುವೆ ಮುಗೀಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ನಿನಗೆ ಹೆದರ್ಕೊಂಡು ನನ್ನ ಮಗಳ ಗಂಡನಿಗೆ ವಿಷ ಕುಡಿಸ್ದೆ. ನಾನೂ ಕುಡಿಸ್ದೆ."

ನನಗೆ ಹೆದರುವುದೆಂದರೇನು? ನಾನು ಯಾರ ಮೇಲೂ ಕೈ ಎತ್ತಿದವನಲ್ಲ. ದನಿ ಏರಿಸಿದ್ದೂ ಕಡಿಮೆ. ಹಾಗೆಂದು ಅವಳಿಗೆ ಹೇಳಬೇಕೆಂದು ಬಾಯಿ ತೆರೆದೆ. ಅವಳು ನನ್ನ ಬಾಯನ್ನೇ ನೋಡುತ್ತ ಭುಜ ಬಿಗಿಹಿಡಿದು ಕೂತಿದ್ದಳು. ಸುಮ್ಮನಾದೆ. ಅವಳು ಎದ್ದು ಒಳಗೆ ಹೋದಳು.

ಅರ್ಧ ಗಂಟೆಯಾಯಿತು. ಅಡುಗೆಮನೆಯಲ್ಲಿ ಸದ್ದಿಲ್ಲ. ಒಲೆಯ ಮೇಲೆ ಏನಾದರೂ ಇದೆಯೋ, ಉರಿ ಹೊತ್ತಿದೆಯೋ, ಬರೀ ಗ್ಯಾಸ್ ಬರುತ್ತಿದೆಯೋ, ಇಲ್ಲಿ ಕೂತು ನನಗೆ ತಿಳಿಯುವುದಿಲ್ಲ. ಎದ್ದು ಹೋಗಿ ಅವಳನ್ನೇ ಕೇಳುತ್ತೇನೆ.